ಪೆಪ್ಪರ್‌ಮಿಂಟ್ ಗಿಡ ಮಂಕಾಗಿದೆಯೇ? ಸ್ಪ್ರೇ ಬಾಟಲಿಗಿಂತ ಮೊದಲು ಕತ್ತರಿ ತನ್ನಿ

ನಮ್ಮ ಕಡೆ ಪೆಪ್ಪರ್‌ಮಿಂಟ್ ಅಂದರೆ ಮೊದಲು ನೆನಪಾಗುವುದು ಗಿಡವಲ್ಲ, ಅಂಗಡಿಯಲ್ಲಿ ಚಿಲ್ಲರೆ ಇಲ್ಲದಾಗ ಕೈಗಿಡುತ್ತಿದ್ದ ಶುಂಠಿ ಪೆಪ್ಪರಮೆಂಟು. ಹೆಸರು ಮೂಲದಲ್ಲಿ ಯಾವ ಗಿಡದ್ದೋ ಅದು ಈಗ ಬೆಂಗಳೂರಿನ ನರ್ಸರಿಗಳಲ್ಲೂ ಸಿಗುತ್ತದೆ. ತಂದ ಮೊದಲ ತಿಂಗಳು ಕಳೆಕಳೆಯಾಗಿರುತ್ತದೆ. ಆಮೇಲೆ ಎಲೆ ಹಳದಿ, ಕಡ್ಡಿ ಉದ್ದ, ನಡುವೆ ಬೋಳು, ವಾಸನೆ ಮಾಯ.

ಗಿಡ ಕೆಟ್ಟಿತೆಂದು ಎಲೆಗೆ ಔಷಧಿ ಹೊಡೆಯುವ ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಪುದೀನ ಜಾತಿಯ ಗಿಡಗಳ ಜೀವ ಇರುವುದು ಮಣ್ಣಿನೊಳಗೆ ಹಬ್ಬುವ ಬಿಳಿ ಹಂಬುಗಳಲ್ಲಿ. ಮೇಲಿನ ಸೊಪ್ಪು ತಲೆಗೂದಲಿದ್ದ ಹಾಗೆ. ಹಂಬು ಗಟ್ಟಿಯಿದ್ದರೆ ಬುಡದವರೆಗೆ ಬೋಳಿಸಿದರೂ ಮೂರು ವಾರದಲ್ಲಿ ಹೊಸ ಚಿಗುರು ಕಾಣುತ್ತದೆ. ಹಂಬೇ ಕೊಳೆತಿದ್ದರೆ ಯಾವ ಸ್ಪ್ರೇಯೂ ಗಿಡವನ್ನು ಎತ್ತಿ ನಿಲ್ಲಿಸುವುದಿಲ್ಲ. ಆದ್ದರಿಂದ ಇಲ್ಲಿನ ಬಹಳಷ್ಟು ಪರಿಹಾರಗಳು ಕತ್ತರಿಯಿಂದಲೇ ಶುರುವಾಗುತ್ತವೆ.

## ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆ

ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಮೇಲ್ಮಣ್ಣು ನೋಡಿ ತೀರ್ಮಾನ ಮಾಡಬೇಡಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿರುವ ಕುಂಡದಲ್ಲಿ ಮೇಲೆ ಒಣಗಿ ಹೊಟ್ಟಾಗಿದ್ದರೂ ಒಳಗೆ ಕೆಸರಿರಬಹುದು. ಆಮೇಲೆ ಕುಂಡ ಎತ್ತಿ ತಳದ ತೂತು ತೆರೆದಿದೆಯೇ ನೋಡಿ. ಬೇರು ತುಂಬಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ. ಒಂದು ಎಲೆಯನ್ನು ಮಗುಚಿ ಅಡಿಭಾಗವನ್ನು ಬೆಳಕಿಗೆ ಹಿಡಿಯಿರಿ, ಏಕೆಂದರೆ ಹುಳು, ನುಸಿ, ತುಕ್ಕು ಎಲ್ಲ ಅಡಗುವುದು ಅಲ್ಲೇ. ಕೊನೆಗೆ ಆ ಎಲೆಯನ್ನೇ ಉಜ್ಜಿ ಮೂಸಿ. ಇಷ್ಟಕ್ಕೆ ಐದು ನಿಮಿಷ ಸಾಕು, ಅರ್ಧ ದೂರು ಇಲ್ಲೇ ಇತ್ಯರ್ಥವಾಗುತ್ತದೆ.

## "ಪೆಪ್ಪರ್‌ಮಿಂಟ್ ಅಂತ ತಂದೆ, ಘಾಟೇ ಇಲ್ಲ"

ಗಿಡ ಕೆಟ್ಟಿಲ್ಲದೆಯೂ ಇರಬಹುದು, ಗಿಡವೇ ಬೇರೆ ಇರಬಹುದು. ನಮ್ಮ ಮಾರುಕಟ್ಟೆಯ ಕಟ್ಟಿನ ಪುದೀನ ಸಾಮಾನ್ಯವಾಗಿ ಸ್ಪಿಯರ್‌ಮಿಂಟ್. ಅದರ ಪರಿಮಳ ಕಾರ್ವೋನ್ ಎಂಬ ಅಂಶದ್ದು, ಸಿಹಿ ಛಾಯೆಯದು. ಪೆಪ್ಪರ್‌ಮಿಂಟ್‌ನ ಪರಿಮಳ ಮೆಂಥಾಲ್‌ನದು.

ಗುರುತಿಸಲು ನಾಲಿಗೆಯೇ ಸಾಕು. ತೊಳೆದ ಎಲೆಯ ಒಂದು ಚೂರು ಅಗಿದು ಬಾಯಿಂದ ಗಾಳಿ ಎಳೆದುಕೊಳ್ಳಿ. ಗಂಟಲವರೆಗೆ ತಣ್ಣಗೆ ಕೊರೆದರೆ ಮೆಂಥಾಲ್ ಇದೆ. ನಿಜವಾಗಿ ಅಲ್ಲೇನೂ ತಂಪಾಗಿರುವುದಿಲ್ಲ. ಚಳಿಯನ್ನು ಗುರುತಿಸುವ ನಮ್ಮ ನರತುದಿಯ ಗ್ರಾಹಕವನ್ನೇ ಮೆಂಥಾಲ್ ತಟ್ಟಿ ಎಬ್ಬಿಸುತ್ತದೆ, ಅಷ್ಟೆ. 2021ರ ವೈದ್ಯಕೀಯ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಆ ಗ್ರಾಹಕವನ್ನು ಪತ್ತೆ ಮಾಡಿದ್ದೂ ಮೆಂಥಾಲ್ ಬಳಸಿಯೇ.

ಕಣ್ಣಿಗೂ ಗುರುತುಗಳಿವೆ. ಪೆಪ್ಪರ್‌ಮಿಂಟ್ ಎಲೆಗೆ ಗಿಡ್ಡ ತೊಟ್ಟು ಇರುತ್ತದೆ, ಬಣ್ಣ ಕಡುಹಸಿರು, ಕಡ್ಡಿಯಲ್ಲಿ ಹೆಚ್ಚಾಗಿ ನೇರಳೆ ಛಾಯೆ. ಸ್ಪಿಯರ್‌ಮಿಂಟ್ ಎಲೆ ಕಡ್ಡಿಗೆ ಅಂಟಿಕೊಂಡೇ ಇರುತ್ತದೆ, ತಿಳಿಹಸಿರು, ಸುಕ್ಕು ಹೆಚ್ಚು. ದಪ್ಪ, ಮೃದುವಾದ ರೋಮದ ಎಲೆಯಿದ್ದು ನೆಗಡಿ ಮುಲಾಮಿನ ವಾಸನೆ ಬಂದರೆ ಅದು ನರ್ಸರಿಯವರು ವಿಕ್ಸ್ ಗಿಡ ಅನ್ನುವಂಥದ್ದು. ನಮ್ಮ ದೊಡ್ಡಪತ್ರೆಯ ಬಳಗ, ಪುದೀನವಲ್ಲ. ಅದನ್ನು ಟೀಗೆ ಹಾಕಬೇಡಿ.

ಬೀಜದ ಪೊಟ್ಟಣದಿಂದ ಬೆಳೆಸಿದ್ದರೆ ಅನುಮಾನ ಇನ್ನೂ ಗಟ್ಟಿ. ಪೆಪ್ಪರ್‌ಮಿಂಟ್ ಎಂಬುದು ನೀರುಪುದೀನ ಮತ್ತು ಸ್ಪಿಯರ್‌ಮಿಂಟ್ ಸೇರಿ ಹುಟ್ಟಿದ ಮಿಶ್ರತಳಿ. ಹೇಸರಗತ್ತೆಯ ಹಾಗೆ, ವಂಶ ಮುಂದುವರಿಸುವ ಬೀಜ ಕಟ್ಟುವುದಿಲ್ಲ ಎಂದೇ ಹೇಳಬಹುದು. ಕಡ್ಡಿ ಅಥವಾ ಹಂಬಿನಿಂದಷ್ಟೇ ಹಬ್ಬುತ್ತದೆ. ಹಾಗಾಗಿ "ಪೆಪ್ಪರ್‌ಮಿಂಟ್ ಬೀಜ" ಎಂದು ಕಂಡರೆ ದುಡ್ಡು ಜೇಬಿನಲ್ಲೇ ಇರಲಿ. ನಾನು ಎರಡು ಸಲ ಕೊಂಡು, ಎರಡು ಸಲವೂ ಚಟ್ನಿ ಪುದೀನ ಬೆಳೆಸಿದ್ದೇನೆ. ಲಖನೌದ ಸಿಮ್ಯಾಪ್ (ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆ) ಕುಕ್ರೈಲ್ ಎಂಬ ಪೆಪ್ಪರ್‌ಮಿಂಟ್ ತಳಿ ಬಿಡುಗಡೆ ಮಾಡಿದೆ, ಅದರ ಸಂಶೋಧನಾ ಕೇಂದ್ರವೊಂದು ಬೆಂಗಳೂರಿನ ಅಲ್ಲಾಳಸಂದ್ರದಲ್ಲೂ ಇದೆ. ಉತ್ತರ ಪ್ರದೇಶದ ಬಾರಾಬಂಕಿ ಕಡೆ ಮೆಂಥಾಲ್‌ಗೆಂದು ಎಕರೆಗಟ್ಟಲೆ ಬೆಳೆಯುವುದು ಮಾತ್ರ ಇದಲ್ಲ. ಅದು ಜಪಾನ್ ಪುದೀನ ಅನ್ನುವ ಮೂರನೆಯ ಜಾತಿ.

ಗಿಡ ಸರಿಯಾದದ್ದೇ, ಆದರೂ ಘಾಟು ಕಡಿಮೆ ಅನ್ನುವಿರಾದರೆ ನೆರಳು, ಅತಿಯಾದ ನೀರು, ಅತಿಯಾದ ಗೊಬ್ಬರ ಈ ಮೂರರಲ್ಲೊಂದು ಕಾರಣ. ಯೂರಿಯಾ ಚಿಟಿಕೆ ಹಾಕಿದವರ ಗಿಡದಲ್ಲಿ ಎಲೆ ಅಂಗೈಯಗಲ ಬರುತ್ತದೆ, ಮೂಸಿದರೆ ಹುಲ್ಲು! ಒಂದು ತಿಂಗಳು ಗೊಬ್ಬರ ನಿಲ್ಲಿಸಿ, ಬೆಳಗಿನ ನಾಲ್ಕೈದು ಗಂಟೆ ಬಿಸಿಲು ಬೀಳುವ ಕಡೆ ಇಟ್ಟು, ಹೊಸ ಚಿಗುರನ್ನು ಮೂಸಿ ನೋಡಿ.

ಹೂ ಬರುತ್ತಿಲ್ಲ ಎಂದು ಚಿಂತಿಸಬೇಡಿ. ಪೆಪ್ಪರ್‌ಮಿಂಟ್ ಹೂ ಬಿಡಲು ಉದ್ದ ಹಗಲು ಬೇಕು. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ನಮಗೆ ಬೇಕಿರುವುದು ಹೇಗೂ ಎಲೆ ತಾನೆ.

## ನೆಟ್ಟ ಕಡ್ಡಿ ಕಪ್ಪಾಗಿ ಕೊಳೆಯುತ್ತದೆ

ಬಲಿತ ಕಂದು ಕಡ್ಡಿ ಬೇಡ, ನಾಲ್ಕೈದು ಇಂಚಿನ ಹಸಿರು ತುದಿ ತೆಗೆದುಕೊಳ್ಳಿ. ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ಬಿಡಿಸಿ. ಲೋಟದ ನೀರಿಗೆ ಒಂದೇ ಒಂದು ಎಲೆ ಮುಳುಗಿದರೂ ನೀರು ಹುಳಿತು ಕಡ್ಡಿ ಕೊಳೆಯುತ್ತದೆ. ದಿನ ಬಿಟ್ಟು ದಿನ ನೀರು ಬದಲಿಸಿದರೆ ಹತ್ತು ದಿನದೊಳಗೆ ಗೆಣ್ಣಿನಲ್ಲಿ ಬಿಳಿ ಬೇರು ಕಾಣುತ್ತದೆ. ಬೇರು ಒಂದಿಂಚು ಆಗುತ್ತಿದ್ದ ಹಾಗೆ ಮಣ್ಣಿಗೆ ವರ್ಗಾಯಿಸಿ. ತಿಂಗಳುಗಟ್ಟಲೆ ನೀರಲ್ಲಿಟ್ಟ ಬೇರು ಮಣ್ಣಿಗೆ ಒಗ್ಗಲು ಒದ್ದಾಡುತ್ತದೆ.

## ಮಣ್ಣು ಒದ್ದೆ, ಗಿಡ ಬಾಡಿದೆ

ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಜೋತುಬಿದ್ದ ಗಿಡ ಸಂಜೆ ಆರಕ್ಕೆ ತಾನಾಗಿ ಎದ್ದರೆ ಅದು ರೋಗವಲ್ಲ, ಬಿಸಿಲಿನ ಬಳಲಿಕೆ. ಅರ್ಧ ಬಿಸಿಲು ತಡೆಯುವ ಶೇಕಡಾ 50ರ ಹಸಿರು ನೆಟ್ ಕಟ್ಟಿ, ಇಲ್ಲವೇ ಕುಂಡವನ್ನು ಪೂರ್ವದ ಗೋಡೆಯ ಬಳಿಗೆ ಸರಿಸಿ. ಕಾದ ತಾರಸಿಯ ಮೇಲೆ ನೇರವಾಗಿ ಇಟ್ಟ ಕುಂಡದ ಬೇರು ಬೇಯುತ್ತದೆ. ಕೆಳಗೆ ಎರಡು ಇಟ್ಟಿಗೆ ಕೊಡಿ.

ಸಂಜೆಯೂ ಏಳಲಿಲ್ಲ, ಬೆರಳಿಗೆ ಮಣ್ಣು ಒಣಗಿದೆ ಅಂದರೆ ನೀರು ಬೇಕು. ತೀರಾ ಒಣಗಿದ ಕೋಕೋಪೀಟ್ ಮೇಲಿನಿಂದ ಹಾಕಿದ ನೀರನ್ನು ಹೀರದೆ ಅಂಚಿನಿಂದ ಹರಿಸಿಬಿಡುತ್ತದೆ. ಕುಂಡವನ್ನೇ ಅರ್ಧ ಬಕೆಟ್ ನೀರಿನಲ್ಲಿ ಇಪ್ಪತ್ತು ನಿಮಿಷ ಕೂರಿಸಿ, ಆಮೇಲೆ ಸೋರಲು ಬಿಡಿ.

ಅಪಾಯ ಇರುವುದು ಮೂರನೆಯ ಸ್ಥಿತಿಯಲ್ಲಿ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಬೇರಿಗೆ ಉಸಿರು ಕಟ್ಟಿದೆ. ಬಾಡಿದ್ದು ಕಂಡು ಮತ್ತೆ ನೀರು ಹಾಕುವುದು ಗಾಯದ ಮೇಲೆ ಬರೆ ಎಳೆದಂತೆ, ಮತ್ತು ಬಹುತೇಕ ಗಿಡಗಳು ಸಾಯುವುದು ಇದರಿಂದಲೇ. ಕುಂಡ ಮಗುಚಿ ಬೇರು ನೋಡಿ. ಬಿಳಿಯಾಗಿ ಗರಿಗರಿಯಿದ್ದರೆ ನೀರು ನಿಲ್ಲಿಸಿ ನೆರಳಿನಲ್ಲಿಡಿ, ಸಾಕು. ಕಂದಾಗಿ, ಎಳೆದರೆ ಸಿಪ್ಪೆ ಜಾರಿ ನಾರು ಮಾತ್ರ ಉಳಿದು, ಚರಂಡಿ ವಾಸನೆ ಬಂದರೆ ಬೇರು ಕೊಳೆ. ಬಿಳಿ ಹಂಬಿನ ತುಂಡು ಒಂದೆರಡು ಸಿಕ್ಕರೂ ಗೆಲುವು ನಿಮ್ಮದೇ: ತೊಳೆದು ಹೊಸ ಮಣ್ಣಿನಲ್ಲಿ ಎರಡಿಂಚು ಆಳಕ್ಕೆ ಮಲಗಿಸಿ. ಒಂದೂ ಸಿಗದಿದ್ದರೆ ಮೇಲಿನ ಹಸಿರು ತುದಿಗಳನ್ನು ನೀರಿಗಿಟ್ಟು, ಉಳಿದದ್ದನ್ನು ಎಸೆಯಿರಿ. ಕೊಳೆತ ಮಣ್ಣನ್ನು ಬೇರೆ ಕುಂಡಕ್ಕೆ ಸುರಿಯಬೇಡಿ.

ಕುಂಡದಡಿಯ ತಟ್ಟೆಯ ಮಾತೂ ಇಲ್ಲೇ ಬರಬೇಕು. ಅಲ್ಲಿ ನಿಂತ ನೀರು ಬೇರನ್ನೂ ಕೊಳೆಸುತ್ತದೆ, ಡೆಂಗ್ಯೂ ಸೊಳ್ಳೆಯನ್ನೂ ಸಾಕುತ್ತದೆ. ವಾರಕ್ಕೊಮ್ಮೆ ಚೆಲ್ಲಿ, ತಟ್ಟೆಯ ಒಳಬದಿ ಉಜ್ಜಿ; ಮೊಟ್ಟೆ ಅಂಟಿರುವುದು ಅಂಚಿಗೆ.

## ನಡುವೆ ಬೋಳು, ಅಂಚಿನಲ್ಲಿ ಮಾತ್ರ ಚಿಗುರು

ಹೋದ ವರ್ಷ ಮಾರ್ಚ್‌ನಲ್ಲಿ ನನ್ನ ಹನ್ನೆರಡು ಇಂಚಿನ ಕುಂಡದ ಗಿಡಕ್ಕೆ ಹೀಗಾಗಿತ್ತು. ನಡುವೆ ಒಣಕಡ್ಡಿ, ಸುತ್ತ ಅಂಚಿಗೆ ಮಾತ್ರ ಹಸಿರು ಉಂಗುರ. ಬೇವಿನ ಹಿಂಡಿ ಹಾಕಿದೆ, ಎರೆಗೊಬ್ಬರ ಹಾಕಿದೆ. ಏನೂ ಆಗಲಿಲ್ಲ. ಕೊನೆಗೆ ಕುಂಡವನ್ನು ಬೋರಲು ಹಾಕಿ ತಳಕ್ಕೆ ಗುದ್ದಿದಾಗ ಇಡೀ ಮುದ್ದೆ ಇಡ್ಲಿ ಹಾಗೆ ಒಟ್ಟಿಗೆ ಕಳಚಿಬಂತು. ಮಣ್ಣು ಕಾಣುತ್ತಲೇ ಇರಲಿಲ್ಲ. ಬೆರಳು ದಪ್ಪದ ಹಂಬುಗಳು ಗೋಡೆಗುಂಟ ಸುತ್ತಿ ಸುತ್ತಿ, ತಲೆಮೇಲೆ ಕೊಡ ಹೊರುವವರ ಸಿಂಬೆಯ ಹಾಗೆ ಬಿಗಿದುಕೊಂಡಿದ್ದವು. ಹಾಕಿದ ನೀರು ಆ ಸಿಂಬೆಯ ಸುತ್ತ ಜಾರಿ ತೂತಿನಿಂದ ಹೊರಟುಹೋಗುತ್ತಿತ್ತು, ನಡುವಿನ ಹಳೆಯ ಬೇರಿಗೆ ತಲುಪುತ್ತಲೇ ಇರಲಿಲ್ಲ.

ಇದು ರೋಗವೇ ಅಲ್ಲ, ಜಾಗದ ಜಗಳ. ಪುದೀನ ಪ್ರತಿ ಸಲ ಹೊಸ ಜಾಗ ಹುಡುಕಿ ಹೊರಗೆ ಓಡುತ್ತದೆ, ಹಿಂದೆ ಬಿಟ್ಟ ನಡುಭಾಗ ಮುದಿಯಾಗುತ್ತದೆ. ಪರಿಹಾರಕ್ಕೆ ಹಳೆಯ ಗರಗಸದ ಚಾಕು ಸಾಕು. ಮುದ್ದೆಯನ್ನು ಹೋಳಿಗೆ ಕತ್ತರಿಸಿದ ಹಾಗೆ ನಾಲ್ಕು ಮಾಡಿ. ನಡುವಿನ ಒಣಭಾಗ ಬಿಸಾಡಿ. ಅಂಚಿನ ಹಂಬುಗಳಲ್ಲಿ ಬಿಳಿಯಾಗಿ ಗೆಣ್ಣು ಎದ್ದಿರುವ ತುಂಡುಗಳನ್ನು ಆರಿಸಿ ಹೊಸ ಮಣ್ಣಿಗೆ ಅಡ್ಡಡ್ಡ ಮಲಗಿಸಿ. ನನ್ನ ಅಳತೆ: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೊಳೆದ ಕೋಕೋಪೀಟ್. ಕುಂಡ ಆಳವಿರಬೇಕಿಲ್ಲ, ಅಗಲವಿರಬೇಕು. ಎಂಟಿಂಚು ಆಳದ ಹಳೆಯ ಪ್ಲಾಸ್ಟಿಕ್ ಟಬ್ಬು ಬಾವಿಯಂಥ ಕುಂಡಕ್ಕಿಂತ ಮೇಲು.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಈ ಕೆಲಸಕ್ಕೆ ಪ್ರಶಸ್ತ. ವರ್ಷಕ್ಕೊಮ್ಮೆ ಮಾಡಿದರೆ ಗಿಡಕ್ಕೆ ಮುಪ್ಪೇ ಇಲ್ಲ, ಅಕ್ಕಪಕ್ಕದವರಿಗೆ ಹಂಚಲು ಗಿಡ ಮಾತ್ರ ವಿಪರೀತ. ನೆಲಕ್ಕೆ ನೆಡುವವರು ತಳ ಕತ್ತರಿಸಿದ ಬಕೆಟ್ ಹೂತು ಅದರೊಳಗೆ ನೆಡಿ. ಇಲ್ಲದಿದ್ದರೆ ಮುಂದಿನ ವರ್ಷ ಕೊತ್ತಂಬರಿ ಮಡಿಯಲ್ಲೂ ಪುದೀನವನ್ನೇ ಕೀಳುತ್ತೀರಿ.

ಕಡ್ಡಿ ಉದ್ದವಾಗಿ ಎಲೆಗಳ ನಡುವೆ ಅಂತರ ಬಿದ್ದಿದ್ದರೆ ಅದು ಬೇರೆ ಕಥೆ, ಬೆಳಕಿನ ಕೊರತೆ. ಬೆಳಕಿಗೆ ಸರಿಸಿ, ಎರಡು ಗೆಣ್ಣು ಬಿಟ್ಟು ಮೇಲಿನದನ್ನು ಕತ್ತರಿಸಿ. ಪ್ರತಿ ಗೆಣ್ಣಿನಿಂದ ಎರಡು ಚಿಗುರು ಬರುತ್ತವೆ. ಎಲೆ ಮಾತ್ರ ಕಿತ್ತು ಕಡ್ಡಿ ಹಾಗೇ ಬಿಡುವವರ ಗಿಡ ಯಾವಾಗಲೂ ಸಣಕಲು.

## ಎಲೆ ಹಳದಿ

ಯಾವ ಎಲೆ ಎಂಬುದೇ ಇಲ್ಲಿ ಮುಖ್ಯ. ಕೆಳಗಿನ ಹಳೆಯ ಎಲೆಗಳು ಇಡಿಯಾಗಿ ಹಳದಿಯಾಗಿ ಉದುರುತ್ತಿದ್ದರೆ ಸಾರಜನಕ ಸಾಲದು, ಅಥವಾ ನೀರು ಹೆಚ್ಚು. ಬೆರಳಿನ ಪರೀಕ್ಷೆಯಲ್ಲಿ ನೀರು ಸರಿಯಿದ್ದರೆ ಎರಡು ಹಿಡಿ ಎರೆಗೊಬ್ಬರ ಹಾಕಿ ಹದಿನೈದು ದಿನ ಕಾಯಿರಿ. ಮೇಲಿನ ಹೊಸ ಚಿಗುರು ಹಳದಿ, ನರ ಮಾತ್ರ ಹಸಿರು ಎಂದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದೂ ಸಿಗದಂತೆ ಮಾಡುವುದು ಬೋರ್‌ವೆಲ್ಲಿನ ಗಡಸು ನೀರು. ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಪೊರೆ ಕಟ್ಟಿದ್ದರೆ ಅದೇ ಸಾಕ್ಷಿ. ಮೇಲಿನ ಒಂದಿಂಚು ಮಣ್ಣು ತೆಗೆದು ಹೊಸದು ಹಾಕಿ, ಸಿಕ್ಕಾಗ ಮಳೆನೀರನ್ನು ಧಾರಾಳವಾಗಿ ಹರಿಸಿ. ತುಕ್ಕು ಹಿಡಿದ ಮೊಳೆ ಹೂಳುವ ಮನೆಮದ್ದಿನಿಂದ ನನಗಂತೂ ಫಲ ಕಂಡಿಲ್ಲ.

## ಚುಕ್ಕಿ, ಬಲೆ, ಪುಡಿ, ತೂತು

ಎಲೆ ಮೇಲೆ ಸೂಜಿ ಚುಚ್ಚಿದಂಥ ತಿಳಿ ಚುಕ್ಕಿಗಳು, ಎಲೆ ಮಂಕು, ಅಡಿಯಲ್ಲಿ ನವಿರು ಬಲೆ ಕಂಡರೆ ಅದು ಜೇಡನುಸಿ, ಮಾರ್ಚ್‌ನಿಂದ ಮೇವರೆಗಿನ ಒಣಹವೆಯ ಅತಿಥಿ. ಬಿಳಿ ಹಾಳೆ ಹಿಡಿದು ಕಡ್ಡಿ ತಟ್ಟಿ. ಬಿದ್ದ ಧೂಳು ನಡೆದಾಡಿದರೆ ಖಾತ್ರಿ. ಮೂರು ದಿನ ಸತತ ಬೆಳಗ್ಗೆ ಎಲೆಯಡಿಗೆ ಪೈಪಿನ ನೀರು ಜೋರಾಗಿ ಹಾಯಿಸಿ. ಸಸ್ಯಹೇನು, ಬಿಳಿನೊಣಕ್ಕೂ ಇದೇ ಮೊದಲ ಮದ್ದು. ಬಗ್ಗದಿದ್ದರೆ ಬುಡದಿಂದ ಎರಡಿಂಚು ಬಿಟ್ಟು ಬೋಳಿಸಿ. ಬೇವಿನೆಣ್ಣೆ ಅದಕ್ಕೂ ಆಮೇಲಿನದು: ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, ಬೆರೆಯಲು ಕೆಲವು ಹನಿ ಸೋಪು ದ್ರಾವಣ, ಸಂಜೆ ಮಾತ್ರ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಹೊಡೆದ ಮೇಲೆ ಒಂದು ವಾರ ಎಲೆ ಕೊಯ್ಯಬೇಡಿ.

ತೂತು ಬಿದ್ದು, ಕೆಳಗಿನ ಎಲೆಯ ಮೇಲೆ ಕಪ್ಪು ಹಿಕ್ಕೆ ಕಂಡರೆ ಹುಳು. ರಾತ್ರಿ ಟಾರ್ಚ್ ಹಿಡಿದು ಕೈಯಿಂದ ಆರಿಸಿ. ಕಂಬಳಿ ಹುಳುವಾದರೆ ಬರಿಗೈ ಬೇಡ.

ಬೂದಿ ಎರಚಿದ ಹಾಗಿದ್ದರೆ ಬೂದಿ ರೋಗ. ದಟ್ಟಣೆ ಕತ್ತರಿಸಿ ಗಾಳಿಯಾಡಲು ಬಿಡಿ, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಿಸಿಲಿರುವ ಬೆಳಗ್ಗೆ ಸಿಂಪಡಿಸಿ.

ಎಲೆಯಡಿಯಲ್ಲಿ ಕಿತ್ತಳೆ ಬಣ್ಣದ ಗುಳ್ಳೆ, ಉಜ್ಜಿದರೆ ಬೆರಳಿಗೆ ಅರಿಸಿನದಂಥ ಪುಡಿ ಅಂಟಿದರೆ ಮಾತ್ರ ಗಂಭೀರ. ಇದು ಪುದೀನದ ತುಕ್ಕು ರೋಗ, ಪಕ್ಸಿನಿಯಾ ಮೆಂಥೆ ಎಂಬ ಶಿಲೀಂಧ್ರದ್ದು. ಗುಳ್ಳೆ ಬರುಬರುತ್ತ ಕಂದು, ಕಪ್ಪು ಆಗುತ್ತದೆ, ಮಣ್ಣಿನಲ್ಲೂ ಹಂಬಿನಲ್ಲೂ ಉಳಿದುಕೊಳ್ಳುತ್ತದೆ. ಎಲ್ಲವನ್ನೂ ನೆಲಮಟ್ಟಕ್ಕೆ ಕತ್ತರಿಸಿ ಚೀಲದಲ್ಲಿ ಕಟ್ಟಿ ಹೊರಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ತಳಿ ಉಳಿಸಿಕೊಳ್ಳಲೇಬೇಕಿದ್ದರೆ ಹಂಬುಗಳನ್ನು ತೊಳೆದು 44 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ತಣ್ಣೀರಿಗೆ ಹಾಕಿ, ಹೊಸ ಮಣ್ಣಿಗೆ ನೆಡಿ. ಥರ್ಮಾಮೀಟರ್ ಇಲ್ಲದೆ ಅಂದಾಜಿನಲ್ಲಿ ಮಾಡಿದರೆ ಹಂಬು ಬೆಂದು ಸಾರಿಗಾಗುತ್ತದೆ. ಹೊಸ ಚಿಗುರಿನಲ್ಲೂ ತುಕ್ಕು ಮರಳಿದರೆ ಅಲ್ಲಿಗೆ ನಿಲ್ಲಿಸಿ, ಗಿಡ ಮಣ್ಣು ಎರಡನ್ನೂ ಬಿಡಿ. ತಿನ್ನುವ ಸೊಪ್ಪಿಗೆ ಅಂಗಡಿಯವರು ಕೊಟ್ಟ ಶಿಲೀಂಧ್ರನಾಶಕ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ. ಹಲವು ಕುಂಡಗಳಿಗೆ ಹರಡಿದ್ದರೆ ಎಲೆಗಳನ್ನು ಕವರಿನಲ್ಲಿ ಹಾಕಿಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ತೋರಿಸಿ.

## ಅಡುಗೆಮನೆಯ ದೂರುಗಳು

ಮೊದಲ ಸಲ ಪೆಪ್ಪರ್‌ಮಿಂಟ್ ಹಾಕಿ ಚಟ್ನಿ ರುಬ್ಬಿದ ದಿನ ನಮ್ಮತ್ತೆ ಒಂದು ತುತ್ತು ತಿಂದು, "ಏನಮ್ಮಾ, ದೋಸೆಗೆ ಟೂತ್‌ಪೇಸ್ಟ್ ಹಚ್ಚಿದ ಹಾಗಿದೆಯಲ್ಲ" ಅಂದರು. ಅವರ ಮಾತು ನಿಜ. ಚಟ್ನಿಗೆ, ಪುದೀನ ರೈಸಿಗೆ ಮಾರುಕಟ್ಟೆಯ ಪುದೀನವೇ ಸರಿ. ಪೆಪ್ಪರ್‌ಮಿಂಟ್ ಹಾಕಲೇಬೇಕೆಂದರೆ ಕಾಲು ಭಾಗ ಮಾತ್ರ. ಅದಕ್ಕೆ ಹೊಂದುವುದು ಟೀ, ಪಾನಕ, ನಿಂಬೆ ಷರಬತ್ತು.

ಚಟ್ನಿ ಕಪ್ಪಾಗುವುದು ಎಲೆಯೊಳಗಿನ ಕಿಣ್ವ ಗಾಳಿಗೆ ತೆರೆದುಕೊಳ್ಳುವುದರಿಂದ. ಎಲೆಗಳನ್ನು ಕುದಿನೀರಿನಲ್ಲಿ ಹತ್ತು ಸೆಕೆಂಡ್ ಅದ್ದಿ ತಕ್ಷಣ ತಣ್ಣೀರಿಗೆ ಹಾಕಿ ರುಬ್ಬಿದರೆ ಹಸಿರು ನಿಲ್ಲುತ್ತದೆ. ಬಾಡಿಸುವವರು ಎಲೆ ಮುದುಡಿದ ಕ್ಷಣ ಉರಿ ಆರಿಸಿ. ಕಹಿಯಾದರೆ ಕಡ್ಡಿ ಬಿದ್ದಿದೆ, ಅಥವಾ ಮಿಕ್ಸಿ ಬಿಸಿಯಾಗುವಷ್ಟು ತಿರುಗಿದೆ.

ಟೀಯಲ್ಲಿ ಪರಿಮಳ ಇಲ್ಲವೆಂದರೆ ನೀವು ಕುದಿಸುತ್ತಿದ್ದೀರಿ. ಮೆಂಥಾಲ್ ಹಬೆಯ ಜೊತೆ ಹಾರಿಹೋಗುತ್ತದೆ. ಕುದ್ದ ನೀರನ್ನು ಇಳಿಸಿ, ಲೋಟಕ್ಕೆ ಆರೇಳು ಎಲೆ ಹಿಸುಕಿ ಹಾಕಿ, ತಟ್ಟೆ ಮುಚ್ಚಿ ಐದಾರು ನಿಮಿಷ ಬಿಡಿ. ತಟ್ಟೆ ತೆಗೆದಾಗ ಅದರ ಕೆಳಗೆ ಕಟ್ಟಿದ ಹನಿಗಳನ್ನು ಮೂಸಿ ನೋಡಿ, ಪರಿಮಳವೆಲ್ಲ ಅಲ್ಲಿದೆ. ಅದನ್ನೂ ಲೋಟಕ್ಕೇ ಕೊಡವಿ.

ಫ್ರಿಜ್‌ನಲ್ಲಿ ಎಲೆ ಕಪ್ಪಾಗುವುದು ತೊಳೆದು ಒದ್ದೆ ಇಟ್ಟದ್ದರಿಂದ. ತೊಳೆಯದೆ ಒಣಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಒಣಗಿಸುವುದಾದರೆ ನೆರಳಿನಲ್ಲಿ.

## ಕುಡಿದ ಮೇಲೆ ಎದೆ ಉರಿದರೆ

ಹೊಟ್ಟೆಯುಬ್ಬರಕ್ಕೆ ಹಿತ ಕೊಡುವ ಇದೇ ಎಲೆ ಹುಳಿತೇಗು, ಎದೆಯುರಿ ಇರುವವರಿಗೆ ತಿರುಗಿಬೀಳುತ್ತದೆ. ಅನ್ನನಾಳದ ಕೆಳತುದಿಯ ಬಿಗಿಯನ್ನು ಮೆಂಥಾಲ್ ಸಡಿಲಿಸುವುದರಿಂದ ಆಮ್ಲ ಮೇಲೇರುತ್ತದೆ. ಉರಿ ಕಂಡರೆ ಎಲೆ ಬದಲಿಸಿ ನೋಡುವುದಲ್ಲ, ನಿಲ್ಲಿಸುವುದು. ಪಿತ್ತಕೋಶದ ಕಲ್ಲು ಇರುವವರು, ದಿನವೂ ಮಾತ್ರೆ ನುಂಗುವವರು, ಬಸುರಿಯರು ದಿನನಿತ್ಯ ಕುಡಿಯುವ ಮೊದಲು ವೈದ್ಯರನ್ನು ಕೇಳಿ. ಎದೆನೋವು ಕೈಗೋ ದವಡೆಗೋ ಹರಿದರೆ ಗ್ಯಾಸ್ ಎಂದು ಪುದೀನ ಟೀ ಕಾಯಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಎಲೆ ಬೇರೆ, ಎಣ್ಣೆ ಬೇರೆ. ಅಂಗಡಿಯ ಪೆಪ್ಪರ್‌ಮಿಂಟ್ ಎಣ್ಣೆಯ ಹನಿಯನ್ನು ಟೀಗೆ ಹಾಕಿ ಕುಡಿಯಬೇಡಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಶೀತವಾಗಿದೆ ಎಂದು ಹಸುಗೂಸಿನ, ಚಿಕ್ಕ ಮಕ್ಕಳ ಮೂಗಿನ ಬಳಿ ಮೆಂಥಾಲ್ ಎಣ್ಣೆ ಅಥವಾ ಮುಲಾಮು ಸವರಲೇಬಾರದು. ಗಂಟಲು ಬಿಗಿದು ಉಸಿರು ಕಟ್ಟುವ ಅಪಾಯವಿದೆ. ಆಗಲೇ ಸವರಿದ್ದು ಮಗು ಉಸಿರಿಗೆ ಒದ್ದಾಡುತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಲೇ ಆಸ್ಪತ್ರೆಗೆ ಓಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.